ಪ್ಯಾಕೆಟ್ ಮೇಲಿನ ‘ಆರ್ಕೈವಲ್’ ನಂಬಿ ಕವರ್ ಕೊಳ್ಳಬೇಡಿ

ಹಳೆಯ ಗೇಮ್ ಬಾಕ್ಸು, ಕಾಮಿಕ್ಸು, ಮೊದಲ ಮುದ್ರಣದ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿರುವವರು ಇವತ್ತೇ ಒಂದನ್ನು ತೆಗೆದು ಮೂಸಿ ನೋಡಿ. ಹೊಸ ರೈನ್‌ಕೋಟಿನಂಥ ಘಾಟು ಬಂದರೆ ಅದು ಪಿವಿಸಿ ಎಂಬ ಪ್ಲಾಸ್ಟಿಕ್ ಇರುವ ಸಾಧ್ಯತೆಯೇ ಹೆಚ್ಚು. ಒಳಗಿರುವುದನ್ನು ಮೊದಲು ಹೊರಗೆ ತೆಗೆಯಿರಿ, ಉಳಿದದ್ದನ್ನು ಆಮೇಲೆ ಓದಿ.

ನಾನು ಆನ್‌ಲೈನಿನಲ್ಲಿ ತರಿಸಿದ ಪ್ಯಾಕೆಟ್ ಮೇಲೆ ‘ಆರ್ಕೈವಲ್ ಕ್ವಾಲಿಟಿ’ (ಬಹುಕಾಲ ಕೆಡದಂತೆ ಕಾಪಾಡುವ ಗುಣಮಟ್ಟ), ‘ಆಸಿಡ್ ಫ್ರೀ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಯಾವ ಪ್ಲಾಸ್ಟಿಕ್ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ‘ಪ್ರೀಮಿಯಂ ಮೆಟೀರಿಯಲ್, ಕಲೆಕ್ಟರ್‌ಗಳೆಲ್ಲ ಇದನ್ನೇ ತಗೊಳ್ಳೋದು’ ಎಂಬ ಉತ್ತರ ಬಂತು. ಕೈಗೆ ದಪ್ಪ, ಮೆತ್ತಗೆ, ನೋಡಲು ಥಳಥಳ.

ಬೇಸಿಗೆ ಕಳೆದ ಮೇಲೆ ಒಂದು ಬೋರ್ಡ್ ಗೇಮ್ ಬಾಕ್ಸ್ ಹೊರಗೆಳೆದರೆ ಚರ್ರೆಂದು ಸದ್ದು. ಕವರಿನ ಒಳಮೈ ಅಂಟಂಟು, ಬೆರಳಿಟ್ಟರೆ ಎಣ್ಣೆ ಪಸೆ. ಮುಚ್ಚಳದ ಮೇಲಿದ್ದ ಕೆಂಪು ಅಕ್ಷರಗಳ ಅರ್ಧ ಬಣ್ಣ ಕವರಿಗೇ ಬಂದುಬಿಟ್ಟಿತ್ತು. ಅದರ ಕೆಳಗೆ ಇಟ್ಟಿದ್ದ ಗ್ಲಾಸಿ ಮ್ಯಾನುಯಲ್‌ಗಳ ಪಾಡು ಇನ್ನೂ ಕಡೆ. ಭಾರ ಬಿದ್ದ ಕಡೆಯಲ್ಲೆಲ್ಲ ಮುಖಪುಟ ಕಚ್ಚಿಕೊಂಡಿತ್ತು.

ಪಿವಿಸಿ ಸ್ವಭಾವತಃ ಗಡುಸು. ಕವರಿನಷ್ಟು ಮೆತ್ತಗಾಗಲು ಅದಕ್ಕೆ ಥ್ಯಾಲೇಟ್‌ನಂಥ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ತೂಕದ ಮೂರನೇ ಒಂದು ಭಾಗದಷ್ಟು ಇದೇ ಇರಬಹುದು. ಅದು ಪ್ಲಾಸ್ಟಿಕ್ಕಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಸೆಕೆಗೆ, ಒತ್ತಡಕ್ಕೆ ಮೆಲ್ಲಗೆ ಹೊರಗೆ ಬಂದು ಮುದ್ರಣದ ಶಾಯಿಯನ್ನು ಕರಗಿಸುತ್ತದೆ. ಹಳತಾದಂತೆ ಪಿವಿಸಿ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ನಾಣ್ಯ ಸಂಗ್ರಹಿಸುವವರಿಗೆ ಇದು ಹಳೇ ಕಥೆ: ತಾಮ್ರದ ನಾಣ್ಯಗಳ ಮೇಲೆ ಕೂರುವ ಹಸಿರು ಜಿಡ್ಡು ಇದರದೇ ಕೆಲಸ. ಇಂಥ ಕವರಿಗೆ ‘ಆಸಿಡ್ ಫ್ರೀ’ ಅಂತ ಅಚ್ಚು ಹಾಕುವುದಕ್ಕೆ ಧೈರ್ಯ ಬೇಕು.

ಹಾಗಾಗಿ ಕೊಳ್ಳುವ ಮುಂಚೆ ಪ್ಲಾಸ್ಟಿಕ್ಕಿನ ಹೆಸರು ಕೇಳಿ. ಹೇಳದಿದ್ದರೆ ಬಿಡಿ, ಬೇರೆಯವರು ಸಿಗುತ್ತಾರೆ. ಮರುಬಳಕೆ ಗುರುತಿನ ತ್ರಿಕೋನದೊಳಗೆ ಸಂಖ್ಯೆ ಇದ್ದರೆ 3 ಅಂದರೆ ಪಿವಿಸಿ, 5 ಪಾಲಿಪ್ರೊಪಿಲೀನ್, 2 ಮತ್ತು 4 ಪಾಲಿಥಿಲೀನ್, 1 ಪಾಲಿಯೆಸ್ಟರ್. ಸಂಖ್ಯೆಯೇ ಇಲ್ಲದ ಕವರು ಮನೆಯಲ್ಲಿದ್ದರೆ ಸಣ್ಣ ತುಂಡು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಗುಳ್ಳೆ ಉಳಿಯದಂತೆ ಬೆರಳಿನಿಂದ ಸವರಿ ಬಿಡಿ. ಪಾಲಿಪ್ರೊಪಿಲೀನ್, ಪಾಲಿಥಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಆದರೆ ಅದು ಪರಪರ ಸದ್ದು ಮಾಡುವ ಸೆಟೆದ ಹಾಳೆ, ಎಳೆದರೆ ಹಿಗ್ಗುವುದಿಲ್ಲ. ತಾಮ್ರದ ತಂತಿ ಕಾಯಿಸಿ, ಕವರಿಗೆ ತಾಗಿಸಿ, ಆ ತಂತಿಯನ್ನು ಜ್ವಾಲೆಗೆ ಹಿಡಿಯುವ ಪರೀಕ್ಷೆಯೂ ಇದೆ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ ಇರಬಹುದು. ಆ ಹೊಗೆ ಕೆಟ್ಟದ್ದು, ಮನೆಯೊಳಗೆ ಬೇಡ.

ನಾನೀಗ ಸಾಮಾನ್ಯ ಪುಸ್ತಕಗಳಿಗೆ ಪಾಲಿಪ್ರೊಪಿಲೀನ್ ಬಳಸುತ್ತೇನೆ. ಬೆಲೆಬಾಳುವವಕ್ಕೆ ಮೈಲಾರ್ ಅಂತ ಕರೆಯುವ ಪಾಲಿಯೆಸ್ಟರ್. ಆದರೆ ಬಣ್ಣ ಉದುರುತ್ತಿರುವ ಮುಖಪುಟಕ್ಕೆ ಪಾಲಿಯೆಸ್ಟರ್ ಹಾಕಬೇಡಿ. ಅದರ ಸ್ಥಿರ ವಿದ್ಯುತ್ತು ಸಡಿಲವಾದ ಚೂರುಗಳನ್ನು ಎಳೆದುಕೊಳ್ಳುತ್ತದೆ.

ಒಳ್ಳೆಯ ಪ್ಲಾಸ್ಟಿಕ್ಕಿನಲ್ಲೂ ಒಂದು ಅಪಾಯ ಇದೆ: ಮಡಚುವ ಫ್ಲ್ಯಾಪ್ ಮೇಲಿನ ಅಂಟು. ಪುಸ್ತಕ ಹೊರಗೆ ತೆಗೆಯುವಾಗ ಮೂಲೆ ಅದಕ್ಕೆ ತಾಗಿದರೆ ಮುಖಪುಟದ ಸಿಪ್ಪೆಯೇ ಕಿತ್ತು ಬರುತ್ತದೆ. ಅಂಟು ಫ್ಲ್ಯಾಪಿನಲ್ಲಲ್ಲ, ಕವರಿನ ಹೊರಮೈ ಮೇಲೆ ಇರುವ ಮಾದರಿ ಕೇಳಿ ತಗೊಳ್ಳಿ. ಇನ್ನು ಬೋರ್ಡ್ ಗೇಮ್ ಬಾಕ್ಸಿಗೆ ಬಿಸಿ ಮಾಡಿ ಬಿಗಿಯಾಗಿ ಸುತ್ತುವ ಪ್ಲಾಸ್ಟಿಕ್ ಹಾಳೆ, ಅಂದರೆ ಶ್ರಿಂಕ್ ರ‍್ಯಾಪ್, ಬೇಡವೇ ಬೇಡ, ಮುಚ್ಚಳ ಬಾಗುತ್ತದೆ. ತೇವ ಇರುವ ಪುಸ್ತಕವನ್ನು ಗಾಳಿಯಾಡದಂತೆ ಸೀಲ್ ಮಾಡಿದರೆ ಬೂಸ್ಟು ಗ್ಯಾರಂಟಿ.

ಮಾರಿದವರಿಗೆ ಫೋಟೊ ಕಳಿಸಿದೆ. ರಿಟರ್ನ್ ಅವಧಿ ಮುಗಿದಿದೆ ಎಂದರು. ಈ ಹಾನಿ ಕಾಣಿಸಿಕೊಳ್ಳುವುದೇ ಆ ಅವಧಿ ಮುಗಿದು ಬಹಳ ಕಾಲದ ಮೇಲೆ, ಅದು ಅವರಿಗೂ ಗೊತ್ತು.

ನಿಮ್ಮದು ಈಗಾಗಲೇ ಅಂಟಿಕೊಂಡಿದ್ದರೆ ಎಳೆಯಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಅಂಟದ ಭಾಗವನ್ನು ಸುತ್ತಲೂ ಕತ್ತರಿಯಿಂದ ಕತ್ತರಿಸಿ ತೆಗೆದು, ಕಚ್ಚಿಕೊಂಡ ತುಂಡನ್ನು ಹಾಗೇ ಬಿಟ್ಟು, ಮೇಲೆ ಏನೂ ಭಾರ ಹೇರದೆ ತಂಪಾದ ಜಾಗದಲ್ಲಿಡಿ. ತೀರಾ ಬೆಲೆಬಾಳುವುದಾದರೆ ಕಾಗದ ಸಂರಕ್ಷಣೆ ಮಾಡುವವರಿಗೆ ತೋರಿಸಿ.