ಒಬ್ಬಳೇ ಓಡುವಾಗ ಸ್ಟ್ರಾವಾ: ಹಲವು ಮಳೆಗಾಲಗಳ ಬಳಕೆಯ ನಂತರ

ನಾನು ಮುಂಬೈಯ ಮಾಟುಂಗಾದಲ್ಲಿರುತ್ತೇನೆ. ಬೆಳಿಗ್ಗೆ ಕಚೇರಿಗೆ ಲೋಕಲ್ ಹಿಡಿಯುವ ಮೊದಲು ಸಿಗುವ ಒಂದು ಗಂಟೆಯಲ್ಲಿ ಒಬ್ಬಳೇ ಓಡುವುದು ನನ್ನ ರೂಢಿ, ಮತ್ತು ಹಲವು ಮಳೆಗಾಲಗಳಿಂದ ಆ ಓಟಗಳನ್ನೆಲ್ಲ ಸ್ಟ್ರಾವಾ ಆ್ಯಪ್‌ನಲ್ಲಿ ದಾಖಲಿಸುತ್ತಾ ಬಂದಿದ್ದೇನೆ. ಮೊದಲು ಉಚಿತವಾಗಿ, ಆಮೇಲೆ ಚಂದಾ ಕಟ್ಟಿ. ವೇಗವಾಗಿ ಓಡುವವರಿಗೆ ಮತ್ತು ಸೈಕಲ್ ತುಳಿಯುವವರಿಗೆ ಇದು ಹೇಗೆ ಒದಗುತ್ತದೆ ಎಂಬುದನ್ನು ಬಹಳ ಜನ ಬರೆದಿದ್ದಾರೆ. ನನ್ನ ಮುಂದಿರುವ ಪ್ರಶ್ನೆ ಬೇರೆ. ಗುಂಪಿಲ್ಲದೆ, ತರಬೇತುದಾರರಿಲ್ಲದೆ, ರಸ್ತೆಯ ತುದಿಯಲ್ಲಿ ಕಾಯುವ ಜೊತೆಗಾರರಿಲ್ಲದೆ ಓಡುವವರನ್ನು ನಾಳೆ ಬೆಳಿಗ್ಗೆಯೂ ಮನೆಯಿಂದ ಹೊರಡಿಸುವ ಶಕ್ತಿ ಈ ಆ್ಯಪ್‌ಗೆ ಇದೆಯೇ? ಇದೆ ಎಂದೇ ನನ್ನ ಅಭಿಪ್ರಾಯ. ಆ ಶಕ್ತಿ ಇರುವುದು ಓಡಲು ಮರಳಿ ಬಂದದ್ದನ್ನು ಅದು ಎಣಿಸುವ ರೀತಿಯಲ್ಲಿ. ವೇಗದ ಲೆಕ್ಕ ನನ್ನ ಮಟ್ಟಿಗೆ ಎರಡನೆಯ ಮಾತು.

2009ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಸೇವೆ ಫೋನಿನ ಅಥವಾ ಕೈಗಡಿಯಾರದ ಜಿಪಿಎಸ್ ಬಳಸಿ ನೀವು ಓಡಿದ ದಾರಿ, ದೂರ, ಸಮಯಗಳನ್ನು ದಾಖಲಿಸುತ್ತದೆ. ಬಳಕೆದಾರರು ಯಾವುದೇ ರಸ್ತೆಯ ಒಂದು ತುಣುಕನ್ನು ‘ಸೆಗ್ಮೆಂಟ್’ ಎಂದು ಗುರುತಿಸಬಹುದು. ಆ ತುಣುಕಿನ ಮೇಲೆ ಓಡಿದವರೆಲ್ಲರ ಸಮಯವನ್ನು ಆ್ಯಪ್ ಸಾಲಾಗಿ ಜೋಡಿಸಿ ಇಡುತ್ತದೆ. ಆ ಪಟ್ಟಿಯ ಮೇಲಿನ ಹೆಸರುಗಳು ಗಾಳಿಯಂತೆ ಓಡುವವರದ್ದು. ನಿಧಾನವಾಗಿ ಓಡುವವರಿಗೆ ಅದರಿಂದ ಹುಮ್ಮಸ್ಸು ಬರುತ್ತದೆ ಎಂದು ನನಗೆ ಅನಿಸುವುದಿಲ್ಲ. ಆದರೆ 2020ರಲ್ಲಿ ಸೇರಿಸಿದ ‘ಲೋಕಲ್ ಲೆಜೆಂಡ್’ ಎಂಬ ಇನ್ನೊಂದು ಲೆಕ್ಕವಿದೆ. ಒಂದು ಸೆಗ್ಮೆಂಟನ್ನು ಕಳೆದ 90 ದಿನಗಳಲ್ಲಿ ಅತಿ ಹೆಚ್ಚು ಸಲ ಕ್ರಮಿಸಿದವರಿಗೆ ಎಲೆಹಾರದ ಒಂದು ಚಿಹ್ನೆ ಸಿಗುತ್ತದೆ. ಎಷ್ಟು ವೇಗವಾಗಿ ಓಡಿದಿರಿ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅರವತ್ತು ದಾಟಿದ ಹಿರಿಯರು ದಿನವೂ ತಪ್ಪದೆ ಬಂದರೆ, ವಾರಕ್ಕೊಮ್ಮೆ ಬಂದು ಭರ್ರನೆ ಓಡಿ ಹೋಗುವ ಯುವಕನಿಗಿಂತ ಈ ಪಟ್ಟಿಯಲ್ಲಿ ಮೇಲಿರುತ್ತಾರೆ. ಇಡೀ ಆ್ಯಪ್‌ನಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಂಡದ್ದು ಇದೇ.

ಆ 90 ದಿನಗಳ ಅವಧಿ ದಿನದಿನಕ್ಕೂ ಮುಂದೆ ಸರಿಯುತ್ತದೆ, ಆದ್ದರಿಂದ ಒಮ್ಮೆ ಗಳಿಸಿದ ಹಾರ ಶಾಶ್ವತವಲ್ಲ. ಮುಂಬೈಯ ಋತುಗಳನ್ನು ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. 2004ರಲ್ಲಿ ಶುರುವಾದ, ಈಗ ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್ ಹತ್ತಿರವಾಗುತ್ತಿದ್ದಂತೆ ಮರೀನ್ ಡ್ರೈವ್‌ನಲ್ಲೂ ಶಿವಾಜಿ ಪಾರ್ಕಿನ ಸುತ್ತಲೂ ಓಟಗಾರರ ಸಾಲೇ ಇರುತ್ತದೆ. ಆಗ ಒಂಟಿತನದ ಮಾತೇ ಬರುವುದಿಲ್ಲ, ಹವೆಯೂ ತಂಪಾಗಿರುತ್ತದೆ. ಫೆಬ್ರವರಿಯಲ್ಲಿ ಆ ಸಾಲು ಕರಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಅಂಗಿ ಬೆವರಿಗೆ ಬೆನ್ನಿಗಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಗಾಲ 90 ದಿನಗಳಿಗಿಂತ ಉದ್ದವಾಗಿರುವುದರಿಂದ, ಬೇಸಿಗೆಯಲ್ಲಿ ಹಾಕಿದ ಸುತ್ತುಗಳೆಲ್ಲ ಮಳೆಗಾಲ ಮುಗಿಯುವ ಹೊತ್ತಿಗೆ ಲೆಕ್ಕದಿಂದ ಜಾರಿಹೋಗಿರುತ್ತವೆ. ಆಗ ಹಾರ ಉಳಿಯುವುದು ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿದ್ದರೂ ಅದನ್ನು ಬಳಸಿಕೊಂಡು ಬೇರೆ ದಾರಿಯಿಂದ ಫೈವ್ ಗಾರ್ಡನ್ಸ್ ಉದ್ಯಾನ ತಲುಪಿ ಓಡಿದವರ ಬಳಿ. ಮೋಡ ಕವಿದ ಜುಲೈ ಬೆಳಿಗ್ಗೆ, ಪಾರ್ಸಿ ಕಾಲೋನಿಯ ದೊಡ್ಡ ಮರಗಳ ಕೆಳಗೆ ಹಳದಿ ಹೂವಿನ ಎಸಳುಗಳು ಒದ್ದೆ ರಸ್ತೆಗೆ ಅಂಟಿಕೊಂಡು ಕಾಲು ಜಾರುವಂತಿದ್ದಾಗಲೂ, ಇವತ್ತಿನ ಒಂದು ಸುತ್ತು ಎಲ್ಲೋ ದಾಖಲಾಗುತ್ತದೆ ಎಂಬ ಅರಿವು ನನ್ನನ್ನು ಎಷ್ಟೋ ಸಲ ಹಾಸಿಗೆಯಿಂದ ಎಬ್ಬಿಸಿದೆ.

ಸತತತೆಯ ಲೆಕ್ಕವನ್ನು ಆ್ಯಪ್ ವಾರದ ಅಳತೆಯಲ್ಲಿ ಇಡುವುದೂ ನನಗೆ ಹಿಡಿಸಿದೆ. ವಾರದಲ್ಲಿ ಕನಿಷ್ಠ ಒಂದು ಚಟುವಟಿಕೆ ದಾಖಲಾದರೆ ಸಾಲು ಮುರಿಯುವುದಿಲ್ಲ. ದಿನದ ಲೆಕ್ಕ ಇಡುವ ಆ್ಯಪ್‌ಗಳು ಜ್ವರ ಬಂದ ದಿನವೂ, ಮೊಣಕಾಲು ನೋಯುವ ದಿನವೂ ಬಳಕೆದಾರರನ್ನು ಹೊರಗೆ ತಳ್ಳುತ್ತವೆ, ಮತ್ತು ಒಂದೇ ಒಂದು ದಿನ ತಪ್ಪಿದರೆ ಎಲ್ಲವೂ ಸೊನ್ನೆಯಾಯಿತೆಂಬ ಬೇಸರದಲ್ಲಿ ಓಟವನ್ನೇ ಬಿಡುವಂತೆ ಮಾಡುತ್ತವೆ. ವಿಶ್ರಾಂತಿಯೂ ಅಭ್ಯಾಸದ ಭಾಗವೇ ಆದ್ದರಿಂದ ವಾರದ ಅಳತೆಯೇ ಸರಿ.

ಒಂಟಿಯಾಗಿ ಓಡುವ ಹೆಂಗಸರು ಓಟಕ್ಕಿಂತ ಮೊದಲು ಗಮನಿಸಬೇಕಾದದ್ದು ಗೋಪ್ಯತೆಯ ಆಯ್ಕೆಗಳನ್ನು. ನೀವು ಯಾವ ಹೊತ್ತಿಗೆ, ಯಾವ ಗೇಟಿನಿಂದ ಹೊರಟು, ಯಾವ ಗಲ್ಲಿಯಿಂದ ಮರಳುತ್ತೀರಿ ಎಂಬುದನ್ನು ಈ ನಕ್ಷೆಗಳು ಅಪರಿಚಿತರಿಗೂ ಹೇಳಬಲ್ಲವು. 2018ರ ಜನವರಿಯಲ್ಲಿ, ಸ್ಟ್ರಾವಾದ ಜಾಗತಿಕ ನಕ್ಷೆಯ ಮೇಲೆ ಮೂಡಿದ ಓಟದ ಗೆರೆಗಳಿಂದ ಸೇನಾ ನೆಲೆಗಳ ಒಳದಾರಿಗಳೇ ಗುರುತು ಸಿಗುತ್ತಿವೆ ಎಂಬುದು ಬೆಳಕಿಗೆ ಬಂದು ದೊಡ್ಡ ಚರ್ಚೆಯಾಗಿತ್ತು. ಮನೆಯ ವಿಳಾಸ ಕೊಟ್ಟು, ಅದರ ಸುತ್ತ 200 ಮೀಟರ್‌ನಿಂದ 1600 ಮೀಟರ್‌ವರೆಗಿನ ದಾರಿಯನ್ನು ಇತರರಿಗೆ ಕಾಣದಂತೆ ಮರೆಮಾಡುವ ಸೌಲಭ್ಯವಿದೆ. ಮರೆಮಾಡಿದ ಭಾಗದಲ್ಲಿ ಆರಂಭವಾಗುವ ಅಥವಾ ಮುಗಿಯುವ ಸೆಗ್ಮೆಂಟುಗಳು ಪಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಪಕ್ಕದ ಉದ್ಯಾನದಲ್ಲೇ ಓಡುವವರು ಇಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಹಾರ ಹೋದರೂ ಚಿಂತೆಯಿಲ್ಲ, ಮನೆಯ ಗುರುತು ಮರೆಯಲ್ಲಿರಲಿ ಎಂಬುದು ನನ್ನ ಖಚಿತ ಸಲಹೆ. ಸ್ವಲ್ಪ ದೂರದ ರಸ್ತೆಯ ಒಂದು ಸೆಗ್ಮೆಂಟನ್ನು ನಿಮ್ಮದಾಗಿಸಿಕೊಳ್ಳಿ. ಓಟಗಳನ್ನು ಅನುಯಾಯಿಗಳಿಗೆ ಮಾತ್ರ ಕಾಣುವಂತೆ ಇಡಬಹುದು, ಅನುಯಾಯಿಗಳನ್ನು ನೀವೇ ಒಪ್ಪಿ ಸೇರಿಸಿಕೊಳ್ಳಬಹುದು. ‘ಬೀಕನ್’ ಎಂಬ ಸೌಲಭ್ಯದಿಂದ ನೀವು ಈ ಕ್ಷಣ ಎಲ್ಲಿದ್ದೀರಿ ಎಂಬುದನ್ನು ನೀವು ಆರಿಸಿದ ಮೂವರು ಆಪ್ತರವರೆಗೆ ತಿಳಿಸುವುದು ಸಾಧ್ಯ. ನಾನು ಹೊರಟ ಕೂಡಲೇ ಅದರ ಕೊಂಡಿ ಅಕ್ಕನ ಫೋನಿಗೆ ಹೋಗುತ್ತದೆ, ಮತ್ತು ಕತ್ತಲೆ ಇನ್ನೂ ಪೂರ್ತಿ ಹರಿಯದ ಹೊತ್ತಿನಲ್ಲಿ ರಸ್ತೆಗಿಳಿಯುವ ಧೈರ್ಯಕ್ಕೆ ಅದೇ ಕಾರಣ.

ಜಿಪಿಎಸ್ ತೋರಿಸುವ ಅಂಕಿಗಳನ್ನು ಎಲ್ಲೆಡೆಯೂ ಸಮಾನವಾಗಿ ನಂಬಬೇಕಾಗಿಲ್ಲ. ಒಂದು ಬದಿಗೆ ಕಡಲು, ಮೇಲೆ ತೆರೆದ ಆಕಾಶ ಇರುವ ಮರೀನ್ ಡ್ರೈವ್‌ನಲ್ಲಿ ಗೆರೆ ನೇರವಾಗಿ ಬರುತ್ತದೆ. ಪರೇಲ್, ಲಾಲ್‌ಬಾಗ್ ಕಡೆಯ ಗಗನಚುಂಬಿ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಿರುಗಿ ಬರುವುದರಿಂದ ಗೆರೆ ಅಂಕುಡೊಂಕಾಗಿ, ಓಡದ ದೂರವೂ ಸೇರಿಕೊಂಡು ವೇಗ ಹೆಚ್ಚಾದಂತೆ ಕಾಣಬಹುದು. ಇದು ಯಾವ ಆ್ಯಪ್‌ಗೂ ಇರುವ ಮಿತಿ. ಫೋನಿನ ಬ್ಯಾಟರಿ ಉಳಿತಾಯದ ಆಯ್ಕೆ ಚಾಲೂ ಇದ್ದರೆ ದಾಖಲಾತಿ ನಡುವೆಯೇ ನಿಂತುಬಿಡಬಹುದು. ಸ್ಟ್ರಾವಾ ಮಟ್ಟಿಗೆ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಇನ್ನು ‘ಕುಡೋಸ್’, ಅಂದರೆ ಇತರರು ಒತ್ತುವ ಮೆಚ್ಚುಗೆಯ ಗುರುತು. ಗುರುತು ಪರಿಚಯವಿಲ್ಲದ ನೂರು ಜನರ ಮೆಚ್ಚುಗೆ ನನಗೆ ಏನನ್ನೂ ಕೊಟ್ಟಿಲ್ಲ. ಹುಬ್ಬಳ್ಳಿಯ ತೋಳನಕೆರೆಯ ಸುತ್ತ ಓಡುವ ಬಾಲ್ಯದ ಗೆಳತಿಯೊಬ್ಬಳು ಒತ್ತುವ ಒಂದು ಗುರುತು ಮಾತ್ರ ಬಹಳ ಕೊಟ್ಟಿದೆ. ಅವಳು ನನಗಿಂತ ಮೊದಲು ಓಟ ಮುಗಿಸಿ ಹಾಕಿದ ನಕ್ಷೆ ಕಂಡರೆ, ಬೇರೆ ಊರಿನಲ್ಲಿ ಇದೇ ಹೊತ್ತಿಗೆ ಇನ್ನೊಬ್ಬಳು ಎದ್ದಿದ್ದಾಳೆ ಎಂಬ ಸಮಾಧಾನ ಸಿಗುತ್ತದೆ. ಅನುಸರಿಸುವವರ ಸಂಖ್ಯೆಯನ್ನು ಕಡಿಮೆ ಇಟ್ಟುಕೊಳ್ಳಿ ಎಂದೇ ಹೊಸಬರಿಗೆ ಹೇಳುತ್ತೇನೆ.

ಅದಕ್ಕಿಂತಲೂ ಹೆಚ್ಚು ನಾನು ಬಳಸುವುದು ಪ್ರತಿ ಓಟದ ಜೊತೆ ಬರೆಯಬಹುದಾದ ಖಾಸಗಿ ಟಿಪ್ಪಣಿಯ ಜಾಗವನ್ನು. ಅದು ನಮಗೆ ಮಾತ್ರ ಕಾಣುತ್ತದೆ, ಕನ್ನಡದಲ್ಲೇ ಬರೆಯಬಹುದು. ‘ಸೆಕೆ ಬಹಳ. ಮೊದಲ ಸುತ್ತು ಕಷ್ಟ, ಎರಡನೆಯದರಲ್ಲಿ ಉಸಿರು ಹದಕ್ಕೆ ಬಂತು’ ಎಂಬಂಥ ಎರಡು ಸಾಲು ಸಾಕು. ಓಡಲು ಮನಸ್ಸಿಲ್ಲದ ಬೆಳಿಗ್ಗೆ ಹಿಂದಿನ ಟಿಪ್ಪಣಿಗಳನ್ನು ತಿರುವಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹೊರಡುವ ಮುಂಚಿನ ಬೇಸರ ಹೆಚ್ಚುಕಡಿಮೆ ಪ್ರತಿ ಸಲವೂ ಇತ್ತು, ಮೊದಲ ಹದಿನೈದು ನಿಮಿಷದೊಳಗೆ ಅದು ಹೋಗಿಯೂ ಇತ್ತು. ಬೇರೆ ಯಾರ ಉಪದೇಶಕ್ಕಿಂತಲೂ ನಮ್ಮದೇ ಕೈಯ ಈ ಬರಹ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಚಂದಾ ಕಟ್ಟಬೇಕೇ ಎಂದು ಕೇಳುವವರಿಗೆ: 2020ರ ಮೇ ತಿಂಗಳಿಂದ ಸೆಗ್ಮೆಂಟುಗಳ ಪೂರ್ಣ ಪಟ್ಟಿ ಮತ್ತು ದಾರಿ ರೂಪಿಸುವ ಸಾಧನ ಚಂದಾದಾರರಿಗಷ್ಟೇ ಮೀಸಲಾಗಿವೆ. ಓಟದ ದಾಖಲೆ, ಟಿಪ್ಪಣಿ, ಕುಡೋಸ್, ಫೋನಿನ ಬೀಕನ್ ಇವಕ್ಕೆ ಹಣ ಬೇಕಿಲ್ಲ, ಮತ್ತು ಒಬ್ಬರೇ ಓಡುವವರನ್ನು ಮೊದಲ ವರ್ಷ ಓಟದಲ್ಲಿ ಹಿಡಿದಿಡುವುದು ಇವೇ. ಹೊಸ ಬಡಾವಣೆಗೆ ಮನೆ ಬದಲಿಸಿದವರಿಗೆ, ಗುರುತಿಲ್ಲದ ರಸ್ತೆಗಳಲ್ಲಿ ದಾರಿ ಹುಡುಕಬೇಕಾದವರಿಗೆ ಚಂದಾ ಉಪಯುಕ್ತ. ನಿಮ್ಮ ಖಾತೆಯಲ್ಲಿರುವ ಎಲ್ಲ ಓಟಗಳ ಮಾಹಿತಿಯನ್ನು ಒಟ್ಟಾಗಿ ಕೇಳಿ ಪಡೆಯುವ ಅವಕಾಶವೂ ಇದೆ. ಕೋರಿಕೆ ಸಲ್ಲಿಸಿದರೆ ಕೊಂಡಿ ಇಮೇಲ್‌ಗೆ ಬರುತ್ತದೆ. ಮುಂದೆ ಈ ಸೇವೆ ಬಿಟ್ಟು ಬೇರೆಡೆಗೆ ಹೋದರೂ ದಾಖಲೆ ಕೈಯಲ್ಲಿ ಉಳಿಯಬೇಕೆಂಬ ಉದ್ದೇಶದಿಂದ ನಾನು ಪ್ರತಿ ವರ್ಷ ಅದನ್ನು ಇಳಿಸಿಕೊಂಡು ಇಟ್ಟುಕೊಳ್ಳುತ್ತೇನೆ.