ಮೂರಡಿ ಸಂದಿಯೋ, ಹನ್ನೆರಡಡಿ ಹಿತ್ತಲೋ?

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಬಿಡಿ ಮನೆಯಲ್ಲಿ ನಾಲ್ಕು ವರ್ಷ ಬಾಡಿಗೆಗೆ ಇದ್ದೆವು. ಆಮೇಲೆ ಎಂಟು ತಿಂಗಳು ನವನಗರದ ಅಪಾರ್ಟ್‌ಮೆಂಟ್. ಈಗ ಧಾರವಾಡದ ರೋ ಹೌಸ್‌ಗೆ, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗೆ, ಬಂದು ಮೂರು ವರ್ಷ ಆಯಿತು. ಕಡಿಮೆ ದುಡ್ಡಲ್ಲಿ ಮನೆಯೂ ಆಗಬೇಕು, ನಾಲ್ಕು ಗಿಡವೂ ಇರಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಿಡಿ ಮನೆಯ ಪ್ಲಾಟ್ 30×40. ಮುಂದೆ 5 ಅಡಿ, ಉಳಿದ ಮೂರು ಕಡೆ 3 ಅಡಿ ಬಿಟ್ಟು ಕಟ್ಟಿದ್ದರು. ಲೆಕ್ಕ ಹಾಕಿದರೆ 432 ಚದರ ಅಡಿ ಖಾಲಿ ಜಾಗ. ಕಡಿಮೆಯೇನಲ್ಲ, ಅಲ್ವಾ? ಆದರೆ ಎರಡು ಕುರ್ಚಿ ಎದುರುಬದುರು ಹಾಕಿ ಚಹಾ ಕುಡಿಯಲು ಎಲ್ಲೂ ಆಗುತ್ತಿರಲಿಲ್ಲ. ಮುಂದೆ ಬೈಕು. ಪಕ್ಕದ ಸಂದಿಯಲ್ಲಿ ಬಚ್ಚಲ ಪೈಪು, ಒಡೆದ ಕುಂಡ, ಯಾರದ್ದೋ ಬೆಕ್ಕು. ಅಲ್ಲಿ ಒಂದು ಮಲ್ಲಿಗೆ ಬಳ್ಳಿ ಹಚ್ಚಿದ್ದೆ. ಅದು ಬಿಸಿಲು ಹುಡುಕುತ್ತ ಕಂಪೌಂಡ್ ಹತ್ತಿ, ಹೂವೆಲ್ಲ ಆಚೆ ಮನೆಯವರ ಕಡೆ ಬಿಟ್ಟಿತು.

ನುಗ್ಗೆ ಹಚ್ಚುತ್ತೇನೆ ಅಂದಾಗ ಮಾಲೀಕರು ಬೇಡ ಅಂದರು. ಆಗ ಸಿಟ್ಟು ಬಂದಿತ್ತು, ಆದರೆ ಅವರು ಹೇಳಿದ್ದೇ ಸರಿ. ಅದು ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಪಾಯದ ಪಕ್ಕದಲ್ಲೇ ಗಿಡ ನೀರು ಹೀರುತ್ತಿದ್ದರೆ ಗೋಡೆ ಸೀಳುವ ಭಯ. ಮೂರಡಿ ಸಂದಿಯಲ್ಲಿ ಪಾಯದಿಂದ ದೂರ ಹೋಗೋದು ಎಲ್ಲಿಗೆ?

ಅಪಾರ್ಟ್‌ಮೆಂಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಪಾರ್ಕ್ ಇತ್ತು. ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡೂ ಇತ್ತು.

ಧಾರವಾಡದ ಮನೆಯ ಪ್ಲಾಟ್ 20×50, ಅಂದರೆ ಬಿಡಿ ಮನೆಯ ಪ್ಲಾಟ್‌ಗಿಂತ 200 ಚದರ ಅಡಿ ಸಣ್ಣದು. ಎಡಕ್ಕೂ ಬಲಕ್ಕೂ ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ. ಮುಂದೆ 6 ಅಡಿ ಬಿಟ್ಟಿದ್ದಾರೆ, ಹಿಂದೆ 12. ಖಾಲಿ ಜಾಗ ಒಟ್ಟು 360 ಚದರ ಅಡಿ, ಬಿಡಿ ಮನೆಗಿಂತ ಕಡಿಮೆ. ಆದರೂ ಇಲ್ಲಿ ಹಿತ್ತಲು ಅನ್ನೋದು ಇದೆ! ಕರಿಬೇವು, ಪೇರಲ, ಬಟ್ಟೆ ಒಣಹಾಕುವ ತಂತಿ, ಅದರ ಕೆಳಗೆ ಅವ್ವನ ಕುರ್ಚಿ. ಮಾಳಿಗೆಯ ಪೈಪನ್ನು ಪೇರಲದ ಬುಡದ ಗುಂಡಿಗೆ ತಿರುಗಿಸಿದ್ದೇವೆ. 640 ಚದರ ಅಡಿ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 600 ಲೀಟರ್ ನೀರು.

ಖರ್ಚೂ ಉಳಿಯುತ್ತದೆ. ಬಿಡಿ ಮನೆಗೆ ಹೊರಗೋಡೆ 112 ಅಡಿ ಉದ್ದ. ಇಲ್ಲಿ ಎರಡು ಕಡೆಯ ಗೋಡೆಯಲ್ಲಿ ಅರ್ಧ ಪಾಲು ಪಕ್ಕದವರದು, ಹಾಗಾಗಿ ನಮ್ಮ ಪಾಲಿಗೆ 72 ಅಡಿ. ಬಿಸಿಲು ಬೀಳುವ ಗೋಡೆ ಎರಡೇ. ಹುಬ್ಬಳ್ಳಿ ಮನೆಯಲ್ಲಿ ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಮಲಗುವ ಕೋಣೆಯ ಪಡುವಣ ಗೋಡೆ ರೊಟ್ಟಿ ಹಂಚಿನ ಹಾಗೆ ಇರುತ್ತಿತ್ತು.

ಇದೇನು ಹೊಸ ವಿದ್ಯೆಯಲ್ಲ. ನಮ್ಮ ಹಳೇ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡೇ ಇರುತ್ತಿತ್ತು. ಮುಂದೆ ಕಟ್ಟೆ, ಹಿಂದೆ ಹಿತ್ತಲು.

ತೊಂದರೆ ಇಲ್ಲ ಅಂತಲ್ಲ. ನಡುಮನೆಗೆ ಹಗಲಲ್ಲೂ ದೀಪ ಬೇಕು. ಕಟ್ಟುವಾಗಲೇ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಬಿಡಿಸಬೇಕಿತ್ತು. ಪಕ್ಕದ ಬಚ್ಚಲ ತೇವ ನಮ್ಮ ಗೋಡೆಗೆ ಬಂದಾಗ ರಿಪೇರಿ ಯಾರು ಮಾಡಿಸಬೇಕು ಅಂತ ಎರಡು ತಿಂಗಳು ಮುಖ ಊದಿಸಿಕೊಂಡಿದ್ದೆವು. ಸಪ್ಪಳದ ಕಾಟ ಬೇರೆ. "ಅಕ್ಕಾರ, ನಿಮ್ಮ ಮಿಕ್ಸರ್ ಚಾಲೂ ಆತಂದ್ರ ನಮ್ಮ ಕೂಸು ಏಳತೈತ್ರಿ" ಅಂತ ಆಚೆಯಿಂದ ಕೂಗು ಬಂತು. ಅಂದಿನಿಂದ ನಮ್ಮ ಮನೆ ಚಟ್ನಿ ಬೆಳಗ್ಗೆ ಎಂಟರ ನಂತರ.

ಆದರೂ ನನ್ನ ಓಟು ರೋ ಹೌಸ್‌ಗೇ. ತಮ್ಮನೂ ನಾನೂ ಈಗ ಅಕ್ಕಪಕ್ಕದ ಎರಡು ಪ್ಲಾಟ್ ನೋಡುತ್ತಿದ್ದೇವೆ. ನಡುವಿನ ಗೋಡೆ ಒಂದೇ ಇರುವ ನಕ್ಷೆಗೆ ಮಂಜೂರಾತಿ ಸಿಗುತ್ತದಾ ಅಂತ ಮೊದಲು ಕೇಳಿಕೊಂಡೇ ಮುಂಗಡ ಕೊಡುತ್ತೇವೆ. ತಮ್ಮನ ಹೆಂಡತಿಗೆ ಮಿಕ್ಸರ್ ವಿಷಯ ಇನ್ನೂ ಹೇಳಿಲ್ಲ.