ಫ್ಯಾಫ್ಸಾ: ಅಮೆರಿಕದ ಕಾಲೇಜು ನೆರವಿನ ಅರ್ಜಿ ಹೇಗಿದೆ?

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ಫೆಡರಲ್ (ಕೇಂದ್ರ) ಸರ್ಕಾರದ ಈ ಅರ್ಜಿ ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅಲ್ಲಿಂದ ಹೊರಬನ್ನಿ. 2024-25ರಲ್ಲಿ ಬಂದ ಹೊಸ ರೂಪ ಹಳೆಯದಕ್ಕಿಂತ ಎಷ್ಟೋ ಚಿಕ್ಕದು. ತೆರಿಗೆಯ ಅಂಕಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ನೇರವಾಗಿ ಬರುತ್ತದೆ, ಒಂದೇ ಅರ್ಜಿಯಲ್ಲಿ 20 ಕಾಲೇಜು ಸೇರಿಸಬಹುದು.

ಎಡವುವುದು ಹೆಚ್ಚಾಗಿ ಖಾತೆ ತೆರೆಯುವಾಗ. ಮಗುವಿಗೆ ಒಂದು, ಪೋಷಕರಿಗೆ ಒಂದು, ಹೀಗೆ ಬೇರೆ ಬೇರೆ ಖಾತೆ ಬೇಕು. ಒಂದೇ ಇಮೇಲ್ ಇಬ್ಬರಿಗೂ ನಡೆಯದು. ಹೆಸರು ಸೋಷಿಯಲ್ ಸೆಕ್ಯೂರಿಟಿ ದಾಖಲೆಯಲ್ಲಿ ಇದ್ದಂತೆಯೇ ಇರಬೇಕು. ಇನಿಶಿಯಲ್ ಬಳಸುವ ನಮ್ಮವರು ಇದನ್ನು ಎರಡು ಸಲ ನೋಡಿಕೊಳ್ಳಿ. ಅಪ್ಪ ಅಮ್ಮ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರೆ ಒಬ್ಬರ ಖಾತೆ ಸಾಕು. ಬೇರೆ ಬೇರೆ ಸಲ್ಲಿಸಿದ್ದರೆ ಇಬ್ಬರೂ ಖಾತೆ ತೆರೆಯಬೇಕು. ಐಆರ್‌ಎಸ್ ಮಾಹಿತಿಗೆ ಒಪ್ಪಿಗೆ ಕೊಡದಿದ್ದರೆ ಫೆಡರಲ್ ನೆರವೇ ಇಲ್ಲ.

ಎಚ್‌-1ಬಿ (ಉದ್ಯೋಗ ವೀಸಾ) ಮನೆಗಳಲ್ಲಿ, ತಮ್ಮ ಮಕ್ಕಳಿಗೆ ನೆರವು ಸಿಗದು ಎಂಬ ಒಂದು ತಪ್ಪು ತಿಳಿವಳಿಕೆ ಇದೆ. ಮಗು ಅಮೆರಿಕದ ಪ್ರಜೆಯಾಗಿದ್ದರೆ ಪೋಷಕರ ವೀಸಾ ಅಡ್ಡಿಯಲ್ಲ, ದಯವಿಟ್ಟು ಅರ್ಜಿ ಹಾಕಿಸಿ. ಎಚ್‌-4 (ಅವಲಂಬಿತರ ವೀಸಾ) ಮಕ್ಕಳಿಗೆ ಮಾತ್ರ ಫೆಡರಲ್ ನೆರವು ಸಿಗದು. ಅವರು ಕಾಲೇಜಿನ ಸ್ವಂತ ನಿಧಿಯನ್ನೇ ವಿಚಾರಿಸಬೇಕು.

ದೊಡ್ಡ ಕೊರತೆ: ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಸಿಗುತ್ತಿದ್ದ ರಿಯಾಯಿತಿ ಹೊಸ ಲೆಕ್ಕದಲ್ಲಿ ಹೋಗಿದೆ. ಮಧ್ಯಮ ವರ್ಗಕ್ಕೆ ಇದು ಅನ್ಯಾಯವೇ. ಅಂಥವರು ಎರಡೂ ಶುಲ್ಕದ ಬಿಲ್ ಇಟ್ಟು ನೆರವನ್ನು ಮತ್ತೆ ಪರಿಶೀಲಿಸಿ ಎಂದು ಕಾಲೇಜಿನ ನೆರವು ಕಚೇರಿಗೆ ಪತ್ರ ಬರೆಯಬಹುದು. ಕೆಲಸ ಹೋಗಿ ಆದಾಯ ಇಳಿದಿದ್ದರೂ ಹಾಗೆಯೇ ಮಾಡಿ, ಏಕೆಂದರೆ ಅರ್ಜಿ ನೋಡುವುದು ಎರಡು ವರ್ಷ ಹಿಂದಿನ ತೆರಿಗೆ.